ಪೇಟಿ ಮುಂದೆ ಕೂರುವ ಮೊದಲು

ಡಿಸೆಂಬರ್ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಲ್ಲಿ ಗ್ಯಾದರಿಂಗಿನ ತಯಾರಿ ಶುರು. ಹಾಡುವ, ಕುಣಿಯುವ ಮಕ್ಕಳ ನಡುವೆ ಹಾರ್ಮೋನಿಯಂ (ಪೇಟಿ) ಅಥವಾ ಕೀಬೋರ್ಡ್ ನುಡಿಸುವವರೂ ಒಬ್ಬಿಬ್ಬರು ಇರುತ್ತಾರೆ. ಅವರು ಏನು ನುಡಿಸಬೇಕೆಂಬುದು ಈಚೆಗೆ ಹೆಚ್ಚಾಗಿ ಮೊಬೈಲಿನಲ್ಲಿಯೇ ತೀರ್ಮಾನವಾಗುತ್ತದೆ. ಪಳಗಿದ ಕೈಯೊಂದು ನುಡಿಸಿದ ಭೈರವಿಯ ಭಜನೆಯನ್ನೋ ಹಳೆಯ ನಾಟ್ಯಗೀತೆಯನ್ನೋ ಮನೆಮಂದಿ ಕೇಳುತ್ತಾರೆ, ಮೆಚ್ಚುತ್ತಾರೆ. ಮರುದಿನ ಸಂಗೀತ ಕ್ಲಾಸಿನ ಬಾಗಿಲಲ್ಲಿ ಪ್ರಶ್ನೆ ಕಾದಿರುತ್ತದೆ: “ಮಾಸ್ತರ್ರ, ಇದು ಎಷ್ಟ ದಿನದಾಗ ಬರ್ತದ್ರಿ?”

ಪ್ರಶ್ನೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಉತ್ತರ ಹುಡುಕುವ ಕ್ರಮದಲ್ಲಿ. ಹಾಡು ಎಷ್ಟು ಜೋರಾಗಿ ಓಡುತ್ತದೆ, ಯಾವ ಪರೀಕ್ಷೆಯ ಪಠ್ಯದಲ್ಲಿದೆ, ಈ ಎರಡೇ ಅಳತೆಯಲ್ಲಿ ಕಷ್ಟ-ಸುಲಭ ನಿರ್ಧಾರವಾಗಿಬಿಡುತ್ತದೆ. ಎರಡೂ ಅರ್ಧ ಸತ್ಯ. ಅದನ್ನು ನಂಬಿ ತಿಂಗಳುಗಟ್ಟಲೆ ಒಂದೇ ಹಾಡಿಗೆ ಜೋತುಬಿದ್ದ ಮಗುವಿಗೆ ಕೊನೆಗೆ ಹಾಡೂ ಬರುವುದಿಲ್ಲ, ಪೇಟಿಯ ಮೇಲಿನ ಆಸೆಯೂ ಉಳಿಯುವುದಿಲ್ಲ. ಒಂದು ಹಾಡನ್ನು ಕೈಗೆತ್ತಿಕೊಳ್ಳುವ ಮುನ್ನ ಅದರ ಕಷ್ಟ ಯಾವ ಸಾಲಿನಲ್ಲಿದೆ, ಯಾವ ಬೆರಳಿಗೆ ಬೀಳುತ್ತದೆ, ಯಾವ ಪಟ್ಟಿಯಲ್ಲಿ (ಸ್ಕೇಲಿನಲ್ಲಿ) ಹೆಚ್ಚುತ್ತದೆ, ಯಾವುದರಲ್ಲಿ ಇಳಿಯುತ್ತದೆ ಎಂದು ಪತ್ತೆ ಮಾಡುವುದನ್ನು ಮಕ್ಕಳಿಗೆ ಪಾಠವಾಗಿಯೇ ಕಲಿಸಬೇಕು. ಸರಳೆ, ಅಲಂಕಾರಗಳಿಗೆ ಕೊಡುವಷ್ಟೇ ಮಹತ್ವವನ್ನು ಇದಕ್ಕೂ ಕೊಡಬೇಕು.

ಈ ಮಾತು ಬೆಳಗಾವಿ ಜಿಲ್ಲೆಯಲ್ಲಿ ಏಳುವುದಕ್ಕೆ ಕಾರಣವಿದೆ. ಇದು ಪೇಟಿಯ ಸೀಮೆ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದ ಮೂಲಕ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ರಂಗಭೂಮಿಯ ಜತೆ ಆರ್ಗನ್ ಬಂತು, ಕಾಲುಪೇಟಿ ಬಂತು, ಕನ್ನಡದ ಕಂಪನಿ ನಾಟಕಗಳಿಗೂ ಹಬ್ಬಿತು. ಪಕ್ಕದ ಕೊಲ್ಹಾಪುರ ಸೀಮೆಯ ಗೋವಿಂದರಾವ್ ಟೇಂಬೆಯವರು ಪೇಟಿಯನ್ನು ಕಛೇರಿಯ ವಾದ್ಯವಾಗಿ ಎತ್ತಿ ನಿಲ್ಲಿಸಿದರು. 1911ರ ‘ಮಾನಾಪಮಾನ’ ನಾಟಕದ ಹಾಡುಗಳಿಗೆ ಮಟ್ಟು ಹಾಕಿದವರೂ ಅವರೇ. ಬೆಳಗಾವಿಯಲ್ಲಿ ರಾಮಭಾವು ವಿಜಾಪುರೆಯವರು (1917–2010) ತಲೆಮಾರುಗಳ ಶಿಷ್ಯರನ್ನು ತಯಾರು ಮಾಡಿದರು. ಗೋಕಾಕ, ಮೂಡಲಗಿಯ ಹಳ್ಳಿಗಳ ಭಜನಾ ಮೇಳದಲ್ಲಿ, ಕುಲಗೋಡ ತಮ್ಮಣ್ಣನ ಕೈಯಲ್ಲಿ ರೂಪ ಪಡೆದ ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳದಲ್ಲಿ ಪೇಟಿ ಇಲ್ಲದೆ ಆಟವೇ ಏಳುವುದಿಲ್ಲ. ಇಷ್ಟು ಹಳೆಯ ಬಳಕೆ ಇರುವ ವಾದ್ಯ. ಆದರೂ ‘ಈ ಹಾಡು ಈ ಹುಡುಗನ ಕೈಗೆ ಈಗ ಸಲ್ಲುತ್ತದೆಯೇ’ ಎಂಬ ಲೆಕ್ಕ ಮಾಸ್ತರರ ತಲೆಯೊಳಗೇ ಉಳಿದುಬಿಟ್ಟಿದೆ. ಹುಡುಗನಿಗೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಪಾಶ್ಚಾತ್ಯ ಪಿಯಾನೊ ಜಗತ್ತು ಈ ಲೆಕ್ಕವನ್ನು ಕಾಗದದ ಮೇಲೆ ಇಳಿಸಿ ನೂರು ವರ್ಷಕ್ಕೂ ಮೇಲಾಯಿತು. 1889ರಲ್ಲಿ ಲಂಡನ್ನಿನಲ್ಲಿ ಶುರುವಾದ ಎ.ಬಿ.ಆರ್.ಎಸ್.ಎಂ. ಮಂಡಳಿಯ ಪರೀಕ್ಷೆಗಳಲ್ಲಿ ಎಂಟು ಗ್ರೇಡುಗಳಿವೆ. ಬೆಂಗಳೂರಿನ ಮಕ್ಕಳೂ ಅವನ್ನು ಕಟ್ಟುತ್ತಾರೆ. ಜರ್ಮನಿಯ ಹೆನ್ಲೆ ಪ್ರಕಾಶನ ತಾನು ಅಚ್ಚು ಹಾಕುವ ಪಿಯಾನೊ ಕೃತಿಗಳಿಗೆ 1ರಿಂದ 9ರವರೆಗೆ ಕಷ್ಟದ ಅಂಕ ಕೊಡುತ್ತದೆ. ಹಂಗೇರಿಯ ಬೇಲಾ ಬಾರ್ಟೊಕ್ 1926ರಿಂದ 1939ರವರೆಗೆ ಕೂತು ‘ಮೈಕ್ರೊಕಾಸ್ಮಾಸ್’ ಎಂಬ ಆರು ಸಂಪುಟ ಬರೆದ. ಅದರಲ್ಲಿರುವ 153 ಪುಟ್ಟ ಕೃತಿಗಳು ಎಳೆಯ ಬೆರಳಿನಿಂದ ಹಿಡಿದು ಪಳಗಿದ ಕೈಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ.

ನಮ್ಮಲ್ಲಿ ಮೆಟ್ಟಿಲುಗಳಿರಲಿಲ್ಲ ಎಂದಲ್ಲ. ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಕ್ರಮ ಪುರಂದರದಾಸರಿಂದ ಬಂದದ್ದೆಂದು ಕರ್ನಾಟಕ ಸಂಗೀತದವರು ಇಂದಿಗೂ ನೆನೆಯುತ್ತಾರೆ. ಹುಕ್ಕೇರಿ, ಚಿಕ್ಕೋಡಿಯಾಚೆಯ ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು ಸಂಗೀತವನ್ನು ತರಗತಿಯ ಪಾಠ ಮಾಡಿದರು. ಭಾತಖಂಡೆಯವರ ಆರು ಸಂಪುಟಗಳ ಬಂದಿಶ್ ಸಂಗ್ರಹಕ್ಕೆ ‘ಕ್ರಮಿಕ ಪುಸ್ತಕ ಮಾಲಿಕೆ’ ಎಂದೇ ಹೆಸರು. ಈಗ ನಮ್ಮ ಮಕ್ಕಳು ಗಾಂಧರ್ವ ಮಂಡಳದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳನ್ನೋ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೋ ಕಟ್ಟುತ್ತಾರೆ.

ಆದರೆ ಪಠ್ಯಕ್ರಮ ಹೇಳುವುದು ರಾಗದ ಹೆಸರನ್ನು. ಯಮನ್ ಮೊದಲು, ತೋಡಿ ಆಮೇಲೆ. ಯಮನ್‌ನಲ್ಲೇ ಹತ್ತು ದಿನದಲ್ಲಿ ಕೂರುವ ಬಂದಿಶೂ ಇದೆ, ಹತ್ತು ವರ್ಷ ಕಳೆದರೂ ಹದಕ್ಕೆ ಬಾರದ ವಿಲಂಬಿತವೂ ಇದೆ. ಪರೀಕ್ಷೆಯ ಪಟ್ಟಿಯಲ್ಲಿ ಇವೆರಡರ ನಡುವಿನ ಅಂತರ ಕಾಣುವುದಿಲ್ಲ. ಹೆನ್ಲೆಯ ಅಂಕಕ್ಕೂ ಇದೇ ಮಿತಿ: ಅದು ಕೃತಿಯನ್ನು ಅಳೆಯುತ್ತದೆ, ಎದುರಿಗೆ ಕೂತ ಕೈಯನ್ನಲ್ಲ.

ಕೈಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನಾಗುತ್ತದೆಂಬುದಕ್ಕೆ ಪಿಯಾನೊ ಚರಿತ್ರೆಯಲ್ಲೇ ಒಂದು ನೋವಿನ ಪ್ರಕರಣವಿದೆ. ರಷ್ಯಾದ ಬಾಲಾಕಿರೆವ್ 1869ರಲ್ಲಿ ‘ಇಸ್ಲಾಮೆ’ ಎಂಬ ಕೃತಿ ಬರೆದ. ಅದು ಎಷ್ಟು ಕಠಿಣವೆಂದರೆ, ಸುಮಾರು ನಲವತ್ತು ವರ್ಷಗಳ ಮೇಲೆ ಫ್ರಾನ್ಸಿನ ರಾವೆಲ್ ‘ಅದಕ್ಕಿಂತ ಕಷ್ಟದ್ದನ್ನು ಬರೆಯುತ್ತೇನೆ’ ಎಂದೇ ಹೊರಟು 1908ರಲ್ಲಿ ‘ಸ್ಕಾರ್ಬೊ’ ರಚಿಸಿದ. ಈ ‘ಇಸ್ಲಾಮೆ’ಯನ್ನೂ ಲಿಸ್ಟ್‌ನ ‘ಡಾನ್ ಹುವಾನ್’ ಕೃತಿಯನ್ನೂ 1890ರ ದಶಕದ ಆರಂಭದಲ್ಲಿ ಮಾಸ್ಕೋದ ಒಬ್ಬ ಎಳೆಯ ವಿದ್ಯಾರ್ಥಿ ಕೈಗೆತ್ತಿಕೊಂಡ. ಹೆಸರು ಅಲೆಕ್ಸಾಂಡರ್ ಸ್ಕ್ರಿಯಾಬಿನ್. ಸಹಪಾಠಿ ಯೋಸೆಫ್ ಲೆವಿನ್ ಇಂಥವನ್ನೆಲ್ಲ ಸಲೀಸಾಗಿ ನುಡಿಸುತ್ತಿದ್ದ. ಅವನನ್ನು ಸರಿಗಟ್ಟಬೇಕೆಂಬ ಹಟ ಇವನಿಗೆ. ಸ್ಕ್ರಿಯಾಬಿನ್‌ನ ಅಂಗೈ ಚಿಕ್ಕದು, ಒಂದು ಸಪ್ತಕವನ್ನು ದಾಟಿ ಇನ್ನೊಂದು ಸ್ವರ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಬಲಗೈ ಕೆಟ್ಟಿತು. ವೈದ್ಯರು ಇನ್ನು ಆಸೆ ಬಿಡು ಎನ್ನುವ ಮಟ್ಟಕ್ಕೆ ಹೋಯಿತು. ಆತ ಮುಂದೆ ಚೇತರಿಸಿಕೊಂಡ, 1894ರಲ್ಲಿ ಎಡಗೈಯೊಂದಕ್ಕೇ ಎರಡು ಕೃತಿ ಬರೆದ, ದೊಡ್ಡ ಸಂಯೋಜಕನಾದ. ಅವನ ಪ್ರತಿಭೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಲೆವಿನ್‌ನ ಕೈಗೆ ಹೊಂದಿದ ಕೃತಿ ತನ್ನ ಕೈಗೂ ಹೊಂದುತ್ತದೆಂದು ಲೆಕ್ಕ ಹಾಕಿದ್ದೇ ಅಪಾಯವಾಯಿತು. ಪಕ್ಕದ ಮನೆಯ ಹುಡುಗಿ ನುಡಿಸಿದಳೆಂದು ತಮ್ಮ ಮಗನಿಗೂ ಅದೇ ಹಾಡು ಕೊಡಿಸುವ ಪಾಲಕರು ಈ ಪ್ರಕರಣವನ್ನು ತಿಳಿದಿರಬೇಕು. ಪಿಯಾನೊದಲ್ಲಿ ಒಂದು ಸಪ್ತಕದ ಅಗಲ ಸುಮಾರು ಹದಿನಾರೂವರೆ ಸೆಂಟಿಮೀಟರು. ಎಂಟು ವರ್ಷದ ಮಗುವಿನ ಹೆಬ್ಬೆರಳು-ಕಿರುಬೆರಳು ಅಷ್ಟು ಚಾಚುವುದಿಲ್ಲ. ಅದಕ್ಕೆ ಅಭ್ಯಾಸ ಮದ್ದಲ್ಲ, ವಯಸ್ಸೇ ಬರಬೇಕು.

ಇನ್ನು ವೇಗದ ಮಾತು. ವೇಗವೇ ಕಷ್ಟವೆಂದು ಕಿವಿ ನಂಬುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಬರುತ್ತದೆ. ನಿಮಿಷಕ್ಕೆ 160 ಮಾತ್ರೆಯ ದ್ರುತ ತೀನತಾಲದಲ್ಲಿ ಮಾತ್ರೆಗೆ ಎರಡು ಸ್ವರ ನುಡಿಸಿದರೂ, 80 ಮಾತ್ರೆಯ ಮಧ್ಯಲಯದಲ್ಲಿ ಮಾತ್ರೆಗೆ ನಾಲ್ಕು ಸ್ವರ ನುಡಿಸಿದರೂ ಬೆರಳಿಗೆ ಬೀಳುವ ಕೆಲಸ ಒಂದೇ: ನಿಮಿಷಕ್ಕೆ 320 ಸ್ವರ, ಸೆಕೆಂಡಿಗೆ ಐದಕ್ಕಿಂತ ಸ್ವಲ್ಪ ಹೆಚ್ಚು. ತಬಲಾ ಜೋರಾಗಿ ಓಡುತ್ತಿದೆಯೆಂದು ಹೆದರಬೇಕಿಲ್ಲ, ನಿಧಾನವಾಗಿದೆಯೆಂದು ನೆಮ್ಮದಿಯಾಗಿ ಕೂರುವಂತೆಯೂ ಇಲ್ಲ. ಭಾತಖಂಡೆಯವರ ಸ್ವರಲಿಪಿಯಲ್ಲಿ ಒಂದೇ ಮಾತ್ರೆಗೆ ಸೇರಿದ ಸ್ವರಗಳ ಕೆಳಗೆ ಅರ್ಧಚಂದ್ರದಂಥ ಗೆರೆ ಇರುತ್ತದೆ. ಹೊಸ ಬಂದಿಶ್ ಸಿಕ್ಕಾಗ ಮೊದಲು ಕಣ್ಣು ಹಾಯಿಸಬೇಕಾದ್ದು ಆ ಗೆರೆಗಳ ಮೇಲೆ: ಯಾವುದರೊಳಗೆ ಅತಿ ಹೆಚ್ಚು ಸ್ವರಗಳು ತುಂಬಿವೆ? ಅಲ್ಲಿ ಬೆರಳು ನಿಲ್ಲುತ್ತದೆಯೇ?

ಶೋಪಾಂ 1833ರಲ್ಲಿ ಪ್ರಕಟಿಸಿದ ಅಭ್ಯಾಸ ಕೃತಿಗಳ ಮೊದಲ ಗುಚ್ಛದಲ್ಲಿ ಮೊದಲನೆಯದು ಸೆಕೆಂಡಿಗೆ ಹೆಚ್ಚುಕಡಿಮೆ ಹನ್ನೆರಡು ಸ್ವರದ ವೇಗದ್ದು. ಎರಡನೆಯದು ಅದಕ್ಕಿಂತ ನಿಧಾನ, ಸೆಕೆಂಡಿಗೆ ಹತ್ತಕ್ಕೂ ಕಡಿಮೆ. ಆದರೂ ಎರಡನೆಯದೇ ಹೆಚ್ಚು ಕಾಡುತ್ತದೆಂದು ಎಷ್ಟೋ ಪಿಯಾನೊ ವಾದಕರು ಹೇಳುತ್ತಾರೆ. ಕಾರಣ, ಅದರ ಓಟವೆಲ್ಲ ಬಲಗೈಯ ನಡುಬೆರಳು, ಉಂಗುರದ ಬೆರಳು, ಕಿರುಬೆರಳಿಗೆ ಬೀಳುತ್ತದೆ. ಬಲವಿರುವ ಹೆಬ್ಬೆರಳು, ತೋರುಬೆರಳು ಆ ಹೊತ್ತಿಗೆ ಬೇರೆ ಕೆಲಸದಲ್ಲಿರುತ್ತವೆ. ಎಷ್ಟು ಸ್ವರ ಎಂದು ಕೇಳಿದರೆ ಸಾಲದು, ಯಾವ ಬೆರಳಿಗೆ ಎಂದೂ ಕೇಳಬೇಕು.

ಬೆರಳಿನ ಮಾತು ಬಂದ ಮೇಲೆ ಪಟ್ಟಿಯ ಮಾತು ಬಂದೇ ಬರುತ್ತದೆ. ಪೇಟಿ ಕಲಿಯುವವರಿಗೆ ಇದರಷ್ಟು ಉಪಯೋಗದ ಸಂಗತಿ ಇನ್ನೊಂದಿಲ್ಲ, ಇದರಷ್ಟು ಕಡಿಮೆ ಹೇಳಿಕೊಡುವ ಸಂಗತಿಯೂ ಇನ್ನೊಂದಿಲ್ಲ. ಒಂದೇ ರಾಗ ಒಂದು ಪಟ್ಟಿಯಲ್ಲಿ ಸಲೀಸು, ಇನ್ನೊಂದರಲ್ಲಿ ಬೆರಳಿಗೆ ತೊಡಕು. ಬಿಳಿ 1ರಿಂದ, ಅಂದರೆ ಸಪ್ತಕದ ಮೊದಲ ಬಿಳಿ ಕೀಯನ್ನು ಷಡ್ಜ ಮಾಡಿ, ಭೈರವಿ ಹಿಡಿದರೆ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕರಿ ಕೀಗಳಿಗೆ ಹೋಗುತ್ತವೆ. ಅದೇ ಭೈರವಿಯನ್ನು ಬಿಳಿ 3ರಿಂದ ಹಿಡಿದರೆ ಏಳೂ ಸ್ವರ ಬಿಳಿ ಕೀಗಳ ಮೇಲೆಯೇ ಬಂದು ಕೂರುತ್ತವೆ. ಯಮನ್‌ಗೆ ಬಿಳಿ 4, ಕಾಫಿಗೆ ಬಿಳಿ 2, ಖಮಾಜಿಗೆ ಬಿಳಿ 5, ಆಸಾವರಿಗೆ ಬಿಳಿ 6: ಇಲ್ಲೆಲ್ಲ ಕರಿ ಕೀ ಬೇಕಾಗುವುದೇ ಇಲ್ಲ. ಐದು ಸ್ವರದ ರಾಗಗಳಲ್ಲಿ ಇದರ ಉಲ್ಟಾ. ಕರಿ 3ರಿಂದ ಭೂಪ್, ಕರಿ 1ರಿಂದ ದುರ್ಗಾ, ಕರಿ 5ರಿಂದ ಮಾಲಕಂಸ, ಮೂರೂ ಕರಿ ಕೀಗಳ ಮೇಲೆಯೇ ಮುಗಿಯುತ್ತವೆ. ಹೆಣ್ಣುಮಕ್ಕಳ ದನಿಗೆ ಕರಿ 5 ಸಾಮಾನ್ಯವಾಗಿ ಹೊಂದುವ ಪಟ್ಟಿ. ಅಲ್ಲಿ ಮಾಲಕಂಸಕ್ಕೆ ಸಾಥ್ ಕೊಡುವವನಿಗೆ ಬಿಳಿ ಕೀ ಬೇಡವೇ ಬೇಡ. ಗಂಡುದನಿ ಕರಿ 1ರಲ್ಲಿ ಅದೇ ರಾಗ ಎತ್ತಿಕೊಂಡಿತೋ, ಎರಡು ಕರಿ ಮೂರು ಬಿಳಿ ಕಲೆಸಿ ಬರುತ್ತವೆ. ರಾಗ ಅದೇ, ಬಂದಿಶ್ ಅದೇ, ಕಲಿಯಲು ಬೇಕಾದ ದಿನಗಳು ಬೇರೆ. ಭೈರವ, ತೋಡಿ, ಮಾರವಾಗಳಿಗೆ ಇಂಥ ಅನುಕೂಲದ ಮನೆ ಎಲ್ಲಿಯೂ ಸಿಗುವುದಿಲ್ಲ. ಯಾವ ಪಟ್ಟಿ ಹಿಡಿದರೂ ಕರಿ-ಬಿಳಿ ಬೆರಕೆಯೇ.

ಹಾಗಾದರೆ ಬರೀ ಬಿಳಿ ಕೀಗಳಿದ್ದಲ್ಲಿ ಸುಲಭ ಎನ್ನೋಣವೇ? ಅದೂ ದುಡುಕು. ಶೋಪಾಂ ತನ್ನ ಶಿಷ್ಯರಿಗೆ ಮೊದಲು ಕೊಡುತ್ತಿದ್ದದ್ದು ನಮ್ಮ ಲೆಕ್ಕದಲ್ಲಿ ಬಿಳಿ 7ರಿಂದ ಶುರುವಾಗುವ ಬಿಲಾವಲ್. ಐದು ಕರಿ ಕೀಗಳು ಬರುವ ಆ ಶ್ರೇಣಿಯಲ್ಲಿ ಉದ್ದದ ಬೆರಳುಗಳು ತಾವಾಗಿಯೇ ಎತ್ತರದ ಕೀಗಳ ಮೇಲೆ ಬೀಳುತ್ತವೆ, ಗಿಡ್ಡ ಹೆಬ್ಬೆರಳು ಬಿಳಿಯ ಮೇಲೆ ಉಳಿಯುತ್ತದೆ. ಬಿಳಿ 1ರ ಶ್ರೇಣಿಯನ್ನು ಸಮನಾಗಿ ನುಡಿಸುವುದು ಎಲ್ಲಕ್ಕಿಂತ ಕಷ್ಟವೆಂದು ಅದನ್ನು ಕೊನೆಗೆ ಇಟ್ಟಿದ್ದ. ಓದಲು ಸುಲಭವಾದದ್ದು ಕೈಗೂ ಸುಲಭವಾಗಿರಬೇಕೆಂದಿಲ್ಲ. ಆದ್ದರಿಂದ ಪುಸ್ತಕ ನೋಡಿ ಪಟ್ಟಿ ನಿರ್ಧರಿಸುವುದಕ್ಕಿಂತ, ಹಾಡಿನ ಒಂದು ಸಾಲನ್ನು ಎರಡು ಮೂರು ಪಟ್ಟಿಯಲ್ಲಿ ನುಡಿಸಿ ಕೈ ಏನು ಹೇಳುತ್ತದೆಂದು ನೋಡುವುದೇ ಸರಿ.

ಇದೇ ಜಾಗದಲ್ಲಿ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ. ಗುಂಡಿ ಒತ್ತಿದರೆ ಪಟ್ಟಿ ಬದಲಾಗುತ್ತದೆ, ಬೆರಳು ಮಾತ್ರ ಹಳೆಯ ಜಾಗದಲ್ಲೇ ಇರುತ್ತದೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂ ಮಾಡುವುದೂ ಇದನ್ನೇ. ರಾತ್ರಿಯಿಡೀ ನಾಲ್ಕಾರು ಗಾಯಕರಿಗೆ ಸಾಥ್ ಕೊಡುವ ಕಲಾವಿದನಿಗೆ ಅದು ವರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ನಾಲ್ಕೈದು ವರ್ಷ ಬಿಳಿ 1 ಬಿಟ್ಟು ಅಲುಗದ ಹುಡುಗ ಊರಿನ ಗುಡಿಯಲ್ಲಿ ಸಾದಾ ಪೇಟಿಯ ಮುಂದೆ ಕೂತು, ಹಾಡುವವರು ಕರಿ 2 ಎಂದಾಗ ತಬ್ಬಿಬ್ಬಾಗುತ್ತಾನೆ. ತನಗೆ ಬರುತ್ತದೆಂದುಕೊಂಡಿದ್ದ ಹಾಡು ಅವನಿಗೆ ಬರುವುದೇ ಇಲ್ಲ. ಮಧ್ಯಮಾ ಪರೀಕ್ಷೆ ಮುಗಿಯುವವರೆಗೆ ಮಕ್ಕಳ ಕೈಗೆ ಆ ಗುಂಡಿ ಸಿಗದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ.

ಬೆರಳು, ವೇಗ, ಪಟ್ಟಿ ಮೂರನ್ನೂ ಅಳೆದ ಮೇಲೂ ಒಂದು ದೊಡ್ಡ ಭಾಗ ಉಳಿಯುತ್ತದೆ. ದರಬಾರಿ, ಅಡಾಣಾ, ಜೌನಪುರಿ ರಾಗಗಳಿಗೆ ಹೆಚ್ಚುಕಡಿಮೆ ಒಂದೇ ಸ್ವರಗಳು. ಮಾರವಾ, ಪೂರಿಯಾ, ಸೋಹನಿಗಳಿಗೂ ಹಾಗೆಯೇ. ಸ್ವರದ ಪಟ್ಟಿ ನೋಡಿ ಅಳೆದರೆ ಮೂರೂ ಸಮ. ದರಬಾರಿಯ ಗಾಂಧಾರ ತೂಗಾಡಬೇಕು, ಅದರ ಮೇಲೆ ನಿಂತು ನಿಂತು ಇಳಿಯಬೇಕು. ಪೇಟಿಯ ಕೀ ಒತ್ತಿದರೆ ಬರುವುದು ನೆಟ್ಟಗೆ ನಿಂತ ಒಂದು ಸ್ವರ. ಮೀಂಡ್ ಇಲ್ಲ, ಆಂದೋಲನವಿಲ್ಲ. ಇದೇ ದೂರಿನ ಮೇಲೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಅದು ಅರ್ಧ ತೆರೆಯಲು ಮೂರು ದಶಕ ಬೇಕಾಯಿತು. ಆ ಅವಧಿಯಲ್ಲೂ ಪೇಟಿಯವರು ಕೈಕಟ್ಟಿ ಕೂರಲಿಲ್ಲ. ತಿದಿಯ ಗಾಳಿಯನ್ನು ಎಡಗೈಯಲ್ಲಿ ಹದವಾಗಿ ಏರಿಸಿ ಇಳಿಸಿ, ಪಕ್ಕದ ಸ್ವರವನ್ನು ಸೋಕಿಯೂ ಸೋಕದಂತೆ ಮುಟ್ಟಿ, ಇಲ್ಲದ ಮೀಂಡನ್ನು ಇದೆಯೆನ್ನಿಸುವ ಕಲೆ ಬೆಳೆಸಿದರು. ಅದು ಬರುವುದು ತೀರ ತಡವಾಗಿ. ದರಬಾರಿಯ ವಿಲಂಬಿತ ಸ್ವರಲಿಪಿಯಲ್ಲಿ ಖಾಲಿ ಖಾಲಿಯಾಗಿ, ಸರಳವಾಗಿ ಕಾಣುತ್ತದೆ. ಗೋಕಾಕ ಫಾಲ್ಸಿನ ಮೇಲುಗಡೆ ಘಟಪ್ರಭೆ ಶಾಂತವಾಗಿ ಹರಿಯುತ್ತದಲ್ಲ, ಹಾಗೆ. ಮುಂದೆ 170 ಅಡಿ ಕೆಳಗೆ ಧುಮುಕುವುದಿದೆಯೆಂದು ನೀರಿನ ಮೈ ನೋಡಿ ಹೇಳಲಾಗದು.

1986ರಲ್ಲಿ, ಆರು ದಶಕಗಳ ಮೇಲೆ ತಾಯ್ನಾಡಿಗೆ ಮರಳಿದ ಪಿಯಾನೊ ವಾದಕ ವ್ಲಾದಿಮಿರ್ ಹೊರೊವಿಟ್ಜ್ ಮಾಸ್ಕೋದ ಕಛೇರಿಯ ಕೊನೆಯಲ್ಲಿ ಶೂಮನ್‌ನ ‘ಟ್ರಾಯ್ಮೆರೈ’ ನುಡಿಸಿದರು. 1838ರ ‘ಬಾಲ್ಯದ ದೃಶ್ಯಗಳು’ ಎಂಬ ಮಾಲೆಯ ಪುಟ್ಟ ಕೃತಿ ಅದು, ಮೂರು ನಿಮಿಷವೂ ಇಲ್ಲ. ಮೂರು ನಾಲ್ಕು ವರ್ಷ ಕಲಿತ ಮಕ್ಕಳೂ ಅದರ ಸ್ವರಗಳನ್ನು ಒತ್ತಬಲ್ಲರು. ಜಗತ್ತಿನ ಎಂಥ ಕಠಿಣ ಕೃತಿಯನ್ನೂ ನುಡಿಸಬಲ್ಲ 82ರ ಆ ಕಲಾವಿದ ಅದನ್ನು ನುಡಿಸಿದಾಗ ಸಭಾಂಗಣದಲ್ಲಿ ಕೂತವರು ಕಣ್ಣೀರು ಹಾಕಿದ್ದನ್ನು ಕ್ಯಾಮೆರಾ ಸೆರೆಹಿಡಿದಿದೆ. ನಿಧಾನದ ಕೃತಿಯಲ್ಲಿ ಪ್ರತಿ ಸ್ವರವೂ ಬಯಲಿನಲ್ಲಿ ನಿಂತಿರುತ್ತದೆ. ಒಂದು ಒರಟಾದರೂ ಕೇಳುಗನಿಗೆ ಗೊತ್ತಾಗುತ್ತದೆ. ತಾನ್‌ಗಳ ಸುರಿಮಳೆಯಲ್ಲಿ ಒಂದು ಸ್ವರ ಜಾರಿದರೆ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಕಡೆಯ ಹಾಡುಗಳಿಗೆ ಈ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದರು (1900–1982) ಬರೆದ ಹಾಡುಗಳನ್ನು, ಶಿಶುನಾಳ ಶರೀಫರ ತತ್ವಪದಗಳನ್ನು ‘ಸಣ್ಣವರಿಗೆ ಇರಲಿ’ ಎಂದು ಬದಿಗಿಡುವ ರೂಢಿಯಿದೆ. ನಾಲ್ಕೈದು ಸ್ವರದೊಳಗೆ ಮುಗಿಯುವ ಮಟ್ಟು, ಒಂದೇ ಲಯ. ಆದರೆ ‘ಸಾವಿರ ಹಾಡಿನ ಸರದಾರ’ ಎನಿಸಿದ ಮುರಗೋಡದ ಬಾಳಪ್ಪ ಹುಕ್ಕೇರಿಯವರು (1911–1992) ಇಂಥ ಮಟ್ಟುಗಳನ್ನೇ ಎತ್ತಿಕೊಂಡು ಸಾವಿರಾರು ಜನರನ್ನು ಹಿಡಿದಿಟ್ಟರು. ಅವರ ಬಲ ಇದ್ದದ್ದು ಸಾಲಿನ ಅರ್ಥ ನೋಡಿ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲಿ. ಅಂಥ ಹಾಡಿಗೆ ಪೇಟಿ ನುಡಿಸುವವನ ಬೆರಳಿಗೆ ಕೆಲಸ ಕಡಿಮೆ, ಕಿವಿಗೆ ಜಾಸ್ತಿ. ಪಾರಿಜಾತದ ಹಿಮ್ಮೇಳದಲ್ಲಂತೂ ಕಿವಿಯೇ ಬಂಡವಾಳ. ಸತ್ಯಭಾಮೆ ಮುನಿಸಿನಲ್ಲಿ ಒಂದು ನುಡಿಯನ್ನು ಎಷ್ಟು ಎಳೆಯುತ್ತಾಳೆ, ಗೊಲ್ಲತಿ ಮಾತಿನ ನಡುವೆ ಯಾವಾಗ ಹಾಡಿಗೆ ಹೊರಳುತ್ತಾಳೆ ಎಂಬುದು ಯಾವ ಸ್ವರಲಿಪಿಯಲ್ಲೂ ಬರೆದಿಲ್ಲ. ಕೌಜಲಗಿ ನಿಂಗಮ್ಮನಂಥವರು ಹಾಡಿ ಬೆಳೆಸಿದ ಆ ಆಟದ ಜತೆ ರಾತ್ರಿಯಿಡೀ ನುಡಿಸುವ ಪೇಟಿ ಮಾಸ್ತರರ ವಿದ್ಯೆಯನ್ನು ಯಾವ ಗ್ರೇಡಿನಲ್ಲಿ ಇಡುವುದು? ಎಂಟು ಗ್ರೇಡುಗಳಲ್ಲಿ ಅದಕ್ಕೆ ಜಾಗವಿಲ್ಲ. ಜಾಗವಿಲ್ಲವೆಂದು ಅದು ಸುಲಭವಾಗುವುದಿಲ್ಲ.

ಹಾಗಾದರೆ ಮಗು ಮಾಡಬೇಕಾದ್ದೇನು? ಹೆಚ್ಚೇನಿಲ್ಲ, ಒಂದು ಕ್ಲಾಸಿನ ಅರ್ಧ ಹೊತ್ತು ಸಾಕು. ಮೊದಲು ಪೇಟಿ ಮುಚ್ಚಿಟ್ಟು ಹಾಡನ್ನು ಬಾಯಲ್ಲಿ ಹಾಡಬೇಕು. ವಿಜಾಪುರೆಯವರೂ ಗಾಯನ ಕಲಿತೇ ಪೇಟಿಗೆ ಬಂದವರು. ಬಾಯಿಗೆ ಬಾರದ ಸಾಲು ಬೆರಳಿಗೆ ಬರುವುದು ಅಪರೂಪ. ಆಮೇಲೆ ಇಡೀ ಹಾಡಿನಲ್ಲಿ ಅತಿ ತೊಡಕಿನ ಒಂದು ಸಾಲನ್ನು ಹುಡುಕಬೇಕು. ಇಲ್ಲಿ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಎಡವುತ್ತಾರೆ. ಹಾಡಿನ ಶುರುವನ್ನು ನುಡಿಸಿ ನೋಡಿ ‘ಬರುತ್ತದೆ’ ಎಂದುಬಿಡುತ್ತಾರೆ. ಸ್ಥಾಯಿ ಸಲೀಸಾಗಿಯೇ ಇರುತ್ತದೆ. ಕಷ್ಟ ಕಾದಿರುವುದು ಅಂತರೆಯ ತಾರಸಪ್ತಕದಲ್ಲಿ ಅಥವಾ ಕೊನೆಯ ತಿಹಾಯಿಯಲ್ಲಿ. ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗವನ್ನು ಲಕ್ಷಾಂತರ ಜನ ಕಲಿಯುತ್ತಾರೆ, ಮೂರನೆಯ ಭಾಗದ ಹತ್ತಿರ ಸುಳಿಯುವವರು ತೀರ ಕಡಿಮೆ. ಒಂದೇ ಕೃತಿ, ಎರಡು ಬೇರೆ ಪ್ರಪಂಚ. ಆ ತೊಡಕಿನ ಸಾಲನ್ನು ಕಾಲು ಪಾಲು ವೇಗದಲ್ಲಿ, ತಪ್ಪಿಲ್ಲದೆ, ಒಂದೇ ಬೆರಳಿನ ಕ್ರಮದಲ್ಲಿ ಮೂರು ಸಲ ನುಡಿಸಲಾದರೆ ಹಾಡು ಕೈಗೆಟುಕುವಷ್ಟು ದೂರದಲ್ಲಿದೆ. ಅಷ್ಟು ನಿಧಾನದಲ್ಲೂ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ತಪ್ಪುತ್ತಿದ್ದರೆ ಈ ವರ್ಷಕ್ಕೆ ಬೇಡ. ಒಂದೇ ಜಾಗದಲ್ಲಿ ತಪ್ಪುತ್ತಿದ್ದರೆ ಮಾಸ್ತರರು ಅದಕ್ಕೊಂದು ಅಲಂಕಾರ ಕಟ್ಟಿಕೊಟ್ಟು ಎರಡು ವಾರ ಸಾಧನೆ ಮಾಡಿಸಬಹುದು.

ಗಾಯನದ ಪರಂಪರೆಗೆ ಇದು ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಬರೀ ಕೇಳಿ ಕೇಳಿಯೇ ದೊಡ್ಡ ಕಲಾವಿದರಾದರು. ಅಲ್ಲಿ ಶಿಷ್ಯ ಯಾವ ಸ್ವರದಲ್ಲಿ ಕಂಪಿಸಿದ, ಎಲ್ಲಿ ಉಸಿರು ಸಾಲದಾಯಿತು ಎಂಬುದನ್ನು ಗುರು ಎದುರಿಗೆ ಕೂತು ಕೇಳುತ್ತಿದ್ದ, ಅದರ ಮೇಲೆ ಮುಂದಿನ ಪಾಠ ಸಾಗುತ್ತಿತ್ತು. ವಾರಕ್ಕೆ ಎರಡು ತಾಸಿನ ಕ್ಲಾಸಿನಲ್ಲಿ ಹದಿನೈದು ಮಕ್ಕಳಿಗೆ ಕಲಿಸುವ ಇಂದಿನ ಶಿಕ್ಷಕರಿಂದ ಆ ನಿಗಾ ನಿರೀಕ್ಷಿಸುವುದು ನ್ಯಾಯವಲ್ಲ. ಹಾಗೆಂದೇ ಆ ಲೆಕ್ಕದ ಒಂದು ಪಾಲನ್ನು ವಿದ್ಯಾರ್ಥಿಯ ಕೈಗೇ ಒಪ್ಪಿಸಬೇಕಾಗಿದೆ.

ಶಾಲೆಗಳಿಗೂ ಒಂದು ಮಾತು ಹೇಳಲೇಬೇಕು. ಗ್ಯಾದರಿಂಗಿಗೆ ಹಾಡು ಆರಿಸುವುದನ್ನು ಡಿಸೆಂಬರಿಗೆ ಬಿಡಬಾರದು. ಆಗಸ್ಟ್ ಹೊತ್ತಿಗೆ ಮಗು ಈಗಾಗಲೇ ನುಡಿಸಬಲ್ಲ ಹಾಡುಗಳಿಂದ ಒಂದನ್ನು ಆರಿಸಿ, ವೇದಿಕೆಗೆ ಅದನ್ನೇ ಪಕ್ವ ಮಾಡಿಸಬೇಕು. ಕಲಿಯುತ್ತಿರುವ ಹಾಡು ಬೇರೆ, ಸಭೆಯಲ್ಲಿ ನುಡಿಸುವ ಹಾಡು ಬೇರೆ. ಪಿಯಾನೊ ಕಲಿಸುವವರು ಇವೆರಡನ್ನು ಬೇರೆಯಾಗಿಯೇ ಇಡುತ್ತಾರೆ. ನಮ್ಮಲ್ಲಿ ಎರಡೂ ಒಂದಾಗಿ, ಅರ್ಧ ಬೆಂದ ಹಾಡಿನೊಂದಿಗೆ ಮಗು ಮೈಕಿನ ಮುಂದೆ ನಡುಗುತ್ತದೆ. ಎರಡನೆಯ ಸಾಲಿನಲ್ಲಿ ನಿಂತುಹೋದ ಆ ಮಗುವಿಗೆ ಜನ ಚಪ್ಪಾಳೆ ತಟ್ಟಿ ಸಮಾಧಾನ ಮಾಡುತ್ತಾರೆ. ಆ ಚಪ್ಪಾಳೆ ಯಾಕೆಂದು ಅದಕ್ಕೆ ಗೊತ್ತಾಗದಿರುವುದಿಲ್ಲ.

ಪರೀಕ್ಷಾ ಮಂಡಳಿಗಳು ಮನಸ್ಸು ಮಾಡಿದರೆ ಈ ಅಭ್ಯಾಸವನ್ನು ಬೇರೂರಿಸುವುದು ಕಷ್ಟವಲ್ಲ. ಎ.ಬಿ.ಆರ್.ಎಸ್.ಎಂ. ಪರೀಕ್ಷೆಯಲ್ಲಿ ಕಂಡಿರದ ಹಾಳೆಯೊಂದನ್ನು ಮುಂದಿಟ್ಟು, ಅರ್ಧ ನಿಮಿಷ ಕಣ್ಣಾಡಿಸಲು ಬಿಟ್ಟು ನುಡಿಸಲು ಹೇಳುತ್ತಾರೆ. ನಮ್ಮ ಪ್ರವೇಶಿಕಾ, ಜೂನಿಯರ್ ಹಂತದ ಮೌಖಿಕದಲ್ಲಿ ಇನ್ನೂ ಸರಳವಾದದ್ದನ್ನು ತರಬಹುದು. ಗೊತ್ತಿರುವ ರಾಗದ, ಗೊತ್ತಿಲ್ಲದ ಬಂದಿಶೊಂದರ ಸ್ವರಲಿಪಿಯನ್ನು ಮಗುವಿನ ಕೈಗೆ ಕೊಡಬೇಕು. ನುಡಿಸಬೇಕಿಲ್ಲ. ಇದರಲ್ಲಿ ನಿನಗೆ ಕಷ್ಟದ ಜಾಗ ಯಾವುದು, ಯಾಕೆ, ಯಾವ ಪಟ್ಟಿಯಲ್ಲಿ ಹಿಡಿಯುತ್ತೀ, ಮೊದಲ ವಾರ ಏನು ಅಭ್ಯಾಸ ಮಾಡುತ್ತೀ ಎಂದು ಕೇಳಬೇಕು. ಐದು ಅಂಕ ಇಟ್ಟರೂ ಸಾಕು. ಅಂಕವಿದ್ದಲ್ಲಿ ಶಿಕ್ಷಕರು ಕಲಿಸುತ್ತಾರೆ, ಪಾಲಕರು ವಿಚಾರಿಸುತ್ತಾರೆ. ಇದಕ್ಕೆ ಹೊಸ ಪುಸ್ತಕ ಬರೆಸುವ ಖರ್ಚೂ ಇಲ್ಲ. ಭಾತಖಂಡೆಯವರ ಆರು ಸಂಪುಟಗಳು ಕೈಗೆ ಸಿಗುವಂತಿವೆ, ಅವುಗಳಲ್ಲಿ ಮಕ್ಕಳು ಎಂದೂ ಕೇಳಿರದ ನೂರಾರು ಬಂದಿಶ್‌ಗಳಿವೆ. ಬರುವ ಸಾಲಿನ ಪಠ್ಯಕ್ರಮ ಪರಿಷ್ಕರಿಸುವಾಗ ಮಂಡಳಿಗಳು ಒಂದು ಪುಟವನ್ನು ಇದಕ್ಕೆ ಮೀಸಲಿಡಲಿ.